ಅತ್ತರಿನ ಒಂದು ಹನಿ

ಕೊರೋನಾದ ಅಬ್ಬರ ಇಳಿದ ಮರುವರ್ಷ ನಾನು ಕೆಂಭಾವಿಯ ಒಂದು ಆಯುರ್ವೇದ ಚಿಕಿತ್ಸಾಲಯದಲ್ಲಿ ವೈದ್ಯೆಯಾಗಿದ್ದೆ. ಅದರ ಹಿಂದಿನ ಎರಡು ಕೋಣೆಗಳೇ ನನ್ನ ಮನೆ. ಚಳಿಗಾಲದ ಬೆಳಗಿನಲ್ಲಿ ಬೋನಾಳ ಕೆರೆಗೆ ಹೊರಟ ಹಕ್ಕಿಗಳು ಮಂಜಿನಲ್ಲಿ ಕಾಣುತ್ತಿರಲಿಲ್ಲ, ದನಿಯಷ್ಟೇ ತೇಲಿ ಬರುತ್ತಿತ್ತು. ಆ ಊರು ನೆನಪಾದರೆ ಈಗಲೂ ಅರೆನಿದ್ದೆಯಲ್ಲಿರುವಂತೆ ಅನಿಸುತ್ತದೆ.

ಅಂಥ ಒಂದು ಬೆಳಗ್ಗೆ, ಸಂತೆಯಲ್ಲಿ ಅತ್ತರು ಮಾರುವ ಮೌಲಾಸಾಬರು ಬಂದರು. ಮೈಯೆಲ್ಲ ಗುಲಾಬಿಯ ಘಮ. ಅದು ಅವರೊಬ್ಬರಿಗೇ ತಿಳಿಯುತ್ತಿರಲಿಲ್ಲ. ನೆಗಡಿ ಕಟ್ಟಿಕೊಂಡು ವಾಸನೆಯೇ ಹೋಗಿತ್ತು. ಹಿಂದಿನ ಸಂತೆಯಲ್ಲಿ ಲಾವಂಚದ ಖಸ್ ಅತ್ತರು ಕೇಳಿದವರಿಗೆ ಕೇದಗೆಯ ಕೇವಡಾ ಕೊಟ್ಟು ನಗೆಗೀಡಾಗಿದ್ದರು.

“ಮೂಗು ಹೋಯ್ತಂದ್ರ ನಾ ಬರೀ ಎಣ್ಣಿ ಮಾರಾಂವ ಆಗ್ತೀನ್ರಿ ಮೇಡಂ,” ಎಂದರು.

ಮೂಗಿನಲ್ಲಿ ಗಡ್ಡೆಯಿಲ್ಲ, ರಕ್ತ ಸೋರುವುದಿಲ್ಲ, ಕಿವಿನೋವಿಲ್ಲ ಎಂದು ಖಚಿತಪಡಿಸಿಕೊಂಡು, ಔಷಧಿಯ ಜೊತೆಗೆ ಜಲನೇತಿ ಕಲಿಸಿದೆ. ಉಪ್ಪುನೀರಿನಿಂದ ಮೂಗು ತೊಳೆಯುವ ಯೋಗಕ್ರಿಯೆ ಅದು. ನೀರು ಚೆನ್ನಾಗಿ ಕುದಿದು, ಆರಿ, ಉಗುರುಬೆಚ್ಚಗಿರಬೇಕು. ಉಪ್ಪು ಕಣ್ಣೀರಿನಲ್ಲಿ ಇರುವಷ್ಟೇ. ತಲೆ ಪಕ್ಕಕ್ಕೆ ವಾಲಿಸಿ, ಬಾಯಲ್ಲಿ ಉಸಿರಾಡುತ್ತ, ನೇತಿ ಲೋಟದ ಕೊಕ್ಕಿನಿಂದ ಮೇಲಿನ ಹೊಳ್ಳೆಗೆ ನೀರು ಬಿಟ್ಟರೆ ಕೆಳಗಿನದರಿಂದ ಇಳಿಯುತ್ತದೆ. ಬಳಿಕ ಬಾಗಿ, ಹೊಳ್ಳೆ ಒತ್ತದೆ, ಮೆಲ್ಲಗೆ ಊದಿ ಮೂಗು ಒಣಗಿಸಬೇಕು. ಜೋರು ಮಾಡಿದರೆ ನೀರು ಕಿವಿಯ ಕಡೆ ಹೋಗುತ್ತದೆ.

ವಾರ ಬಿಟ್ಟು ಬಂದಾಗ ಅವರ ಕಣ್ಣುಗಳು ಕೆಂಪಾಗಿದ್ದವು. “ಉರೀತದ್ರಿ. ಮೊದಲಿಗಿಂತ ಹೆಚ್ಚು ಕಟ್ಟ್ಯದ.”

ನನ್ನೆದುರೇ ಮಾಡಿ ತೋರಿಸಿ ಎಂದೆ. ನೀರು ಸರಿಯಿತ್ತು, ಉಪ್ಪೂ ಸರಿಯಿತ್ತು. ಆಮೇಲೆ ಜೇಬಿನಿಂದ ಪುಟ್ಟ ಶೀಶೆ ತೆಗೆದು ಗುಲಾಬಿ ಅತ್ತರಿನ ಒಂದು ಹನಿಯನ್ನು ನೇತಿ ಲೋಟಕ್ಕೆ ಬಿಟ್ಟರು.

“ಚಾಚಾ, ಇದ್ಯಾಕ್ರಿ?”

“ಇಷ್ಟು ವರ್ಷ ಅನ್ನ ಹಾಕಿದ ಮೂಗ್ರಿ ಇದು. ಬರೀ ನೀರು ಹೆಂಗ ಕೊಡ್ಲಿ?”

ಸಿಟ್ಟು ಬರಬೇಕಿತ್ತು, ಬರಲಿಲ್ಲ. “ಅದಕ್ಕ ಈಗ ಮರ್ಯಾದಿ ಬ್ಯಾಡ್ರಿ, ಆರಾಮ ಬೇಕು. ಶೀಶಿ ನನ್ನ ಹತ್ರ ಇರ್ಲಿ,” ಎಂದೆ. ಅಂದಿನಿಂದ ಅವರು ನಮ್ಮ ಪಡಸಾಲೆಗೇ ಬಂದು ಬರೀ ಉಪ್ಪುನೀರಿನಲ್ಲಿ ನೇತಿ ಮಾಡತೊಡಗಿದರು. ಮಂಜು, ಹಕ್ಕಿಗಳ ದನಿ, ಲೋಟದಿಂದ ಇಳಿಯುವ ನೀರಿನ ಸಣ್ಣ ಸದ್ದು. ದಿನಗಳು ಹಾಗೇ ಜಾರಿದವು.

ಒಂದು ಬೆಳಗ್ಗೆ ನೇತಿ ಮುಗಿಸಿ ಕಣ್ಣುಮುಚ್ಚಿ ಕೂತಿದ್ದರು. ನಾನು ಶೀಶೆಯ ಬಿರಡೆ ತೆಗೆದು ಅವರ ಮೂಗಿನ ಹತ್ತಿರ ಹಿಡಿದೆ. ಅವರು ಒಮ್ಮೆ ಉಸಿರೆಳೆದರು, ಮುಖ ತಿರುಗಿಸಿ ಮತ್ತೊಮ್ಮೆ ಎಳೆದರು.

“ಗುಲಾಬಿನ ಆಕಡಿ ಸರಸ್ರಿ ಮೇಡಂ,” ಎಂದರು ಮೆಲ್ಲಗೆ. “ನಿಮ್ಮ ಮನ್ಯಾಗ ಹಾಲು ಹೊತ್ತಾಕತ್ತದ.”

ಒಳಗೆ ಓಡಿದೆ. ಪಾತ್ರೆಯ ತಳ ಕಪ್ಪಾಗಿತ್ತು. ಹೊರಬಂದಾಗ ಮೌಲಾಸಾಬರು ಅಳುತ್ತಿದ್ದರು; ನನಗೂ ತಡೆಯಲಾಗಲಿಲ್ಲ.

ಪ್ರೀತಿಯಿಂದ ಬೆರೆಸಿದ್ದೂ ನೋಯಿಸಬಲ್ಲದು ಎಂಬುದನ್ನು ನನ್ನ ಕೆಲಸ ಆ ಪಡಸಾಲೆಯಲ್ಲಿ ಕಲಿಸಿತು. ಈಗಲೂ ನೇತಿಯಿಂದ ಉರಿ ಎಂದು ಬಂದವರನ್ನು ನಾನು ಗದರುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಒಂದೇ ಮಾತು ಕೇಳುತ್ತೇನೆ: “ನೀರಿಗೆ ಮತ್ತೇನು ಹಾಕೀರಿ?”