ಟೈಲರ್ ಗೋಪಾಲಪ್ಪನ ಎರಡು ಫ್ಲೆಕ್ಸ್

ಬದುಕಿರುವ ಮನುಷ್ಯನಿಗೆ ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸಿದವರನ್ನು ನೀವು ನೋಡಿದ್ದೀರಾ? ನೋಡಿಲ್ಲವಾದರೆ ಈ ಅಂಕಣದ ಮೇಲಿರುವ ನನ್ನ ಫೋಟೋ ನೋಡಿ.

ನಡೆದದ್ದಿಷ್ಟು. ಗಡಿಯಾಚೆ ಹೊಸೂರಿನ ಪಕ್ಕದಲ್ಲಿರುವ ನಮ್ಮೂರು ಕೆಲಮಂಗಲದ ಟೈಲರ್ ಗೋಪಾಲಪ್ಪನವರಿಗೆ ಬ್ಲಡ್ ಕ್ಯಾನ್ಸರ್. ಬೆಂಗಳೂರಿನಲ್ಲಿ ಎರಡು ಸುತ್ತು ಚಿಕಿತ್ಸೆ ಆಗಿತ್ತು. ಮೂರನೆಯದಕ್ಕೆ ಕೈಯಲ್ಲಿ ಕಾಸಿರಲಿಲ್ಲ. ಒಂದು ಭಾನುವಾರ ಕಲ್ಯಾಣ ಮಂಟಪದಲ್ಲಿ ಮುದ್ದೆ ಊಟ ಹಾಕುವುದು, ಉಂಡವರು ಕೈಲಾದಷ್ಟು ಹುಂಡಿಗೆ ಹಾಕುವುದು ಅಂತ ನಾವೊಂದಷ್ಟು ಜನ ತೀರ್ಮಾನಿಸಿದೆವು. ಗೋಪಾಲಪ್ಪ ಒಪ್ಪಲು ವಾರ ಹಿಡಿಯಿತು. ಒಪ್ಪಿದ್ದೂ ಒಂದೇ ಷರತ್ತಿನ ಮೇಲೆ.

"ಅಯ್ಯೋ ಪಾಪ ಅನ್ನಿಸ್ಬ್ಯಾಡಿ ಕಣಣ್ಣ. ಅಂಗನ್ನಿಸಿದ್ರೆ ನಾನು ಆಸ್ಪತ್ರೆ ಕಡೀಕೇ ಹೋಗಕಿಲ್ಲ."

ಫ್ಲೆಕ್ಸ್ ಜವಾಬ್ದಾರಿ ನನ್ನದು. (ಫ್ಲೆಕ್ಸ್ ಹಾವಳಿಯನ್ನು ಇದೇ ಅಂಕಣದಲ್ಲಿ ಮೂರು ಸಲ ಬೈದವನು ನಾನು. ನೀವು ಮರೆತಿದ್ದರೆ ಒಳ್ಳೆಯದು.) ಅವರದೊಂದು ಹಳೇ ಕಪ್ಪುಬಿಳುಪು ಫೋಟೋ, "ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಬನ್ನಿ" ಎಂಬ ಸಾಲು, ಎರಡನ್ನೂ ಹೊಸೂರಿನ ಅಂಗಡಿಗೆ ವಾಟ್ಸಾಪ್ ಮಾಡಿ ಕೈತೊಳೆದುಕೊಂಡೆ. ಡಿಸೈನ್ ಬಂದಾಗ ತೆರೆದೂ ನೋಡದೆ ಓಕೆ ಅಂದೆ.

ಡಿಸೈನರ್ ತಾನೇ ಏನು ಮಾಡಬೇಕು? ಕಪ್ಪುಬಿಳುಪು ಮುಖ, ಜೊತೆಗೆ ಊಟ. ನಮ್ಮ ಕಡೆ ಸತ್ತವರಿಗೆ ಹಾಕುವ 'ಕಣ್ಣೀರ್ ಅಂಜಲಿ' ಡಿಸೈನಿನಲ್ಲಿ ಕೂರಿಸಿಬಿಟ್ಟ. ಎರಡೂ ಕಡೆ ದೀಪ, ಮೇಲೊಂದು ಪಾರಿವಾಳ. ಓದಿದವರಿಗೆಲ್ಲ ಅದು ತಿಥಿ ಊಟ.

ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಏರಿತು. ಎಂಟು ಗಂಟೆಗೆಲ್ಲ ಗುಮ್ಮಳಾಪುರದ ನಾಲ್ಕು ಜನ ಹಳೇ ಗಿರಾಕಿಗಳು ಹಾರ ಹಿಡಿದು ಮನೆ ಮುಂದೆ ನಿಂತಿದ್ದರು. ಬಾಗಿಲು ತೆಗೆದವರು ಗೋಪಾಲಪ್ಪನವರೇ.

ನಾನು ಓಡಿಹೋದೆ. ಅವರ ಹೆಂಡತಿ ಸಾವಿತ್ರಮ್ಮ ನನ್ನ ಮುಖ ನೋಡಲಿಲ್ಲ. "ಊಟನೂ ಬ್ಯಾಡ, ಗೀಟನೂ ಬ್ಯಾಡ, ನಿಲ್ಲಿಸ್ಬುಡಿ" ಅಂದರು. ಗೋಪಾಲಪ್ಪನವರದು ಇದ್ದದ್ದೊಂದು ಷರತ್ತು, ಅದನ್ನೇ ಮುರಿದಿದ್ದೆ. ಅವರು ಚಿಕಿತ್ಸೆಯನ್ನೇ ಬಿಟ್ಟರೆ? ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಗೋಪಾಲಪ್ಪ ಮಾತ್ರ ಆ ಹಾರಗಳನ್ನು ಹೊಲಿಗೆ ಮಿಷಿನ್ನಿಗೆ ಹಾಕಿ ಕೂತಿದ್ದರು.

"ಬುಡಣ್ಣ. ಇನ್ನೊಂದು ಮಾಡ್ಸು. ಮ್ಯಾಲ್ಗಡೆ ಮುದ್ದೆ ಪೋಟೋ ಹಾಕು, ಜನ ಬತ್ತಾರೆ. ಕೆಳಗಡೆ ಸಾಲಾಗಿ ಸಣ್ಸಣ್ಣ ಮುಖ ಹಾಕ್ತಾರಲ್ಲ, ಅದ್ರಾಗೆ ಎಲ್ಲರ ಜೊತೆ ನಂದೂ ಒಂದಿರ್ಲಿ."

ಊಟಕ್ಕೆ ಬರುವವರೆಲ್ಲ ಒಂದೊಂದು ಫೋಟೋ ಕಳಿಸಿ ಅಂತ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆ ಸಂಜೆಯಿಂದ ನನ್ನ ಫೋನಿಗೆ ಮುಖಗಳು ಬರತೊಡಗಿದವು. ಮೂಕಂಡಪಲ್ಲಿಯ ಫ್ಯಾಕ್ಟರಿಗಳಲ್ಲಿ ಶಿಫ್ಟ್ ಮುಗಿಸಿದವರು ಯೂನಿಫಾರಂನಲ್ಲೇ ಸೆಲ್ಫಿ ತೆಗೆದು ಕಳಿಸಿದರು. ತಮಿಳಿನವರು, ತೆಲುಗಿನವರು, ನಮ್ಮವರು. ಮುಖಗಳು ಹೆಚ್ಚಿದಂತೆಲ್ಲ ಮೇಲಿನ ಮುದ್ದೆ ಕುಗ್ಗಿ ನಿಂಬೆಹಣ್ಣಿನಷ್ಟಾಯಿತು. ಡಿಸೈನರ್ ಈ ಸಲ ಕಾಸು ಮುಟ್ಟಲಿಲ್ಲ. ಮೂಲೆಯಲ್ಲಿ ತನ್ನ ಮುಖವನ್ನೂ ಸೇರಿಸಿದ್ದ.

ಭಾನುವಾರ ಎರಡು ಸಲ ರಾಗಿಹಿಟ್ಟು ತರಿಸಬೇಕಾಯಿತು. ಮುದ್ದೆ ಕಟ್ಟಿದವರಲ್ಲಿ ಸಾವಿತ್ರಮ್ಮನೂ ಇದ್ದರು (ನನ್ನ ತಟ್ಟೆಗೆ ದೊಡ್ಡದೇ ಬಿತ್ತು, ಕೋಪ ಇಳಿದಿತ್ತು ಅಂತ ಲೆಕ್ಕ). ಮೂರನೇ ಸುತ್ತಿನ ಚಿಕಿತ್ಸೆಗೆ ಸಾಕಾಗುವಷ್ಟು ಸೇರಿತು. ನನ್ನೂರಿನ ಬಗ್ಗೆ ನನಗೆ ಇಷ್ಟು ಹೆಮ್ಮೆ ಯಾವತ್ತೂ ಆಗಿರಲಿಲ್ಲ, ಬರೆದಿಟ್ಟುಕೊಳ್ಳಿ.

ಜನ ಕರಗಿದ ಮೇಲೆ ಗೋಪಾಲಪ್ಪ ಮಾಸ್ಕ್ ಹಾಕಿಕೊಂಡು ಬಂದರು. ಫ್ಲೆಕ್ಸ್ ಮುಂದೆ ನಿಂತು ಒಂದೊಂದೇ ಮುಖದ ಕೆಳಗೆ ಬೆರಳಿಟ್ಟರು.

"ಈ ಕಾಲರ್ ನಾನು ಹೊಲ್ದಿದ್ದು. ಇದೂ ನಂದೇ. ಈ ಕಂಪ್ನಿ ಯೂನಿಫಾರಂ ಅಷ್ಟೂ ನಂದೇ."

ನಮ್ಮ ಸಹಾಯದ ಪಟ್ಟಿ ಅಂತ ನಾನಂದುಕೊಂಡಿದ್ದು ಅವರ ಕೆಲಸದ ಪಟ್ಟಿಯಾಗಿತ್ತು. ಬೆರಳು ನನ್ನ ಮುಖದ ಕೆಳಗೆ ಬಂದು ನಿಂತಿತು.

"ಇದ್ಯಾವ್ದಣ್ಣ? ರೆಡಿಮೇಡಾ?"

ನಾನು ತಲೆ ತಗ್ಗಿಸಿದೆ. ಅವರು ಜೇಬಿನಿಂದ ಟೇಪು ತೆಗೆದರು. "ನೆಟ್ಟಗೆ ನಿಂತ್ಕೊ. ದೀಪಾವಳಿಗೆ ಹೊಲ್ಕೊಡ್ತೀನಿ."

ಅಳತೆ ಕೊಟ್ಟು ಬಂದಿದ್ದೇನೆ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟ ಟೈಲರ್ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ. ಈ ದೀಪಾವಳಿಗೆ ಆಗದಿದ್ದರೆ ಮುಂದಿನ ದೀಪಾವಳಿ, ಅದಕ್ಕೂ ಆಗದಿದ್ದರೆ ಅದರ ಮುಂದಿನದು. ನನಗೇನು ಅವಸರ?