ಕೆಂಪು ಗಮ್ಮು, ಅತ್ತೆಯ ಪ್ಯಾಕಿಂಗು

ಆ ಟ್ಯೂಬು ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಅದನ್ನು ಮೂಸಿ ನೋಡಿದ್ದು. ಸಿರ್ಕಾದ ವಾಸನೆ ಬಂತು. ನಮ್ಮ ಮನೆಯಲ್ಲಿ ಈರುಳ್ಳಿ ನೆನೆಸಿಡುವ ಹುಳಿನೀರಿನ ವಾಸನೆ ಇಂಜಿನ್ನಿಗೆ ಹಚ್ಚುವ ವಸ್ತುವಿಗೆ ಯಾಕೆ ಬರಬೇಕು? ನಮ್ಮವರನ್ನು ಕೇಳಿದೆ. "ಅದರ ವಾಸನೆ ಕಟ್ಕೊಂಡು ನಿನಗೇನಾಗಬೇಕು?" ಅಂದರು. ಏನೂ ಆಗಬೇಕಿರಲಿಲ್ಲ. ಗೊತ್ತಾಗಬೇಕಿತ್ತು, ಅಷ್ಟೇ. ಒಂದು ವಿಷಯ ತಲೆಗೆ ಹೊಕ್ಕರೆ ಅದು ಗೊತ್ತಾಗುವವರೆಗೆ ನನಗೆ ಊಟ ಸೇರುವುದಿಲ್ಲ. ಈ ಗುಣಕ್ಕೆ ತವರಿನಲ್ಲೂ ಬೈಸಿಕೊಂಡಿದ್ದೇನೆ, ಗಂಡನ ಮನೆಯಲ್ಲೂ ಬೈಸಿಕೊಂಡಿದ್ದೇನೆ.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಸೊರಬದವಳು, ಶಿಕಾರಿಪುರಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ನಾವು ಮೂವರು: ನಾನು, ನಮ್ಮವರು, ಅತ್ತೆ. ನಮ್ಮವರು ಡೀಸೆಲ್ ಇಂಜಿನ್ ರಿಪೇರಿ ಮಾಡುತ್ತಿದ್ದರು. ಗದ್ದೆಗೆ ನೀರೆತ್ತುವ ಪಂಪು, ಹಿಟ್ಟಿನ ಗಿರಣಿ, ಎರಡು ತಾಲೂಕಿನಲ್ಲಿ ಎಲ್ಲಿ ಏನು ನಿಂತರೂ ಇವರಿಗೇ ಕರೆ ಬರುತ್ತಿತ್ತು. ಮಂಡಿಗೆ ಸರಕು ತರುತ್ತಿದ್ದ ಬೊಂಬಾಯಿ ಲಾರಿಯ ಡ್ರೈವರೊಬ್ಬ ಇವರ ದೋಸ್ತ. ಅವನೇ ಎರಡು ಟ್ಯೂಬು ತಂದುಕೊಟ್ಟಿದ್ದು. ಒತ್ತಿದರೆ ಕೆಂಪು ಗಮ್ಮು ಬರುತ್ತಿತ್ತು, ಗಾಳಿಗೆ ಬಿಟ್ಟರೆ ಒಂದು ದಿನದಲ್ಲಿ ರಬ್ಬರಾಗುತ್ತಿತ್ತು. ಸಿಲಿಕೋನ್ ಅಂತ ಅದರ ಹೆಸರು. ನಮ್ಮ ಮನೆಯಲ್ಲಿ ಮಾತ್ರ ಅದು ಕೆಂಪು ಗಮ್ಮೇ ಆಯಿತು.

ಅದು ಬರುವ ಮೊದಲು ನಮ್ಮಲ್ಲಿ ಇದ್ದದ್ದು ಪ್ಯಾಕಿಂಗ್ ಒಂದೇ. ಇಂಜಿನ್ನಿನ ಎರಡು ಕಬ್ಬಿಣದ ಭಾಗಗಳನ್ನು ಬೋಲ್ಟು ಹಾಕಿ ಬಿಗಿದರೂ ಸಂದಿ ಉಳಿಯುತ್ತದೆ, ಅದರಲ್ಲಿ ಎಣ್ಣೆ ಸೋರುತ್ತದೆ. ಸೋರಬಾರದೆಂದು ನಡುವೆ ದಪ್ಪ ಕಾಗದವನ್ನು ಅದೇ ಆಕಾರಕ್ಕೆ ಕತ್ತರಿಸಿ ಇಡುತ್ತಾರೆ. ಅದನ್ನು ನಮ್ಮ ಮನೆಯಲ್ಲಿ ಕತ್ತರಿಸುತ್ತಿದ್ದವರು ಅತ್ತೆ. ಮಾವನ ಕಾಲದಿಂದಲೂ ಹಾಗೇ. ಗಂಡಸರು ಇಂಜಿನ್ನಿನ ಮುಚ್ಚಳ ಬಿಚ್ಚಿ ಗೋಣಿಚೀಲದಲ್ಲಿ ಮನೆಗೆ ತರುತ್ತಿದ್ದರು. ಅತ್ತೆ ಅದರ ಅಂಚಿಗೆಲ್ಲ ಕರಿ ಎಣ್ಣೆ ಸವರಿ ಕಾಗದದ ಮೇಲೆ ಒತ್ತುತ್ತಿದ್ದರು. ಅಚ್ಚು ಮೂಡಿದ ಕಡೆ ಕತ್ತರಿ ಆಡಿಸುತ್ತಿದ್ದರು. ಬೋಲ್ಟಿನ ತೂತಿಗೆ ಸೈಕಲ್ಲಿನ ಬೇರಿಂಗ್ ಗುಂಡು ಇಟ್ಟು ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ಗುಂಡಗೆ ತೂತು ಬೀಳುತ್ತಿತ್ತು. ಕಾಗದ ಮುಗಿದರೆ ದಪ್ಪನೆಯ ಲಗ್ನಪತ್ರಿಕೆಯೂ ಆಗುತ್ತಿತ್ತು. ಎಷ್ಟೋ ಮದುಮಕ್ಕಳ ಹೆಸರು ಇಂಜಿನ್ನುಗಳ ಹೊಟ್ಟೆ ಸೇರಿದೆ.

ನನಗೆ ಸೋಜಿಗವೆನಿಸುತ್ತಿದ್ದದ್ದು ಬೇರೆ. ಅತ್ತೆ ಇಪ್ಪತ್ತು ವರ್ಷದಿಂದ ಪ್ಯಾಕಿಂಗ್ ಕತ್ತರಿಸುತ್ತಿದ್ದರೂ ಓಡುವ ಇಂಜಿನ್ನನ್ನು ಹತ್ತಿರದಿಂದ ನೋಡಿರಲೇ ಇಲ್ಲ. ಗಿರಣಿಯ ಸದ್ದು ದೂರದಿಂದ ಕೇಳಿದ್ದರು, ಅಷ್ಟೇ. ಆದರೆ ಯಾವ ತೂತು ನೀರಿಗೆ, ಯಾವುದು ಎಣ್ಣೆಗೆ ಎಂದು ಕೇಳಿದರೆ ಕತ್ತರಿ ನಿಲ್ಲಿಸದೆ ಹೇಳುತ್ತಿದ್ದರು. ಕುರುಡು ಊಹೆಯಲ್ಲ ಅದು. ಮಾವನನ್ನು ಕೇಳಿ ಕೇಳಿ ತಿಳಿದುಕೊಂಡದ್ದು. ಹಾಗಾಗಿ ನನ್ನ ಪ್ರಶ್ನೆಗಳಿಗೆ ಆ ಮನೆಯಲ್ಲಿ ಸಿಟ್ಟಾಗದೆ ಉತ್ತರ ಕೊಡುತ್ತಿದ್ದವರು ಅವರೊಬ್ಬರೇ.

ಕೆಂಪು ಗಮ್ಮು ಬಂದಮೇಲೆ ನಮ್ಮವರು ಪ್ಯಾಕಿಂಗಿನ ಎರಡೂ ಬದಿಗೆ ಅದನ್ನು ಹಚ್ಚತೊಡಗಿದರು. ಬಿಗಿದಾಗ ಮುಚ್ಚಳದ ಸುತ್ತ ಕೆಂಪು ಅಂಚು ಉಕ್ಕಿ ಬರುತ್ತಿತ್ತು. ರೈತರಿಗೆ ಅದು ಬಹಳ ಹಿಡಿಸಿತು. ಕಣ್ಣಿಗೆ ಕಾಣುತ್ತಿತ್ತಲ್ಲ! "ಇನ್ನೊಂಚೂರು ಹಾಕ್ರೀ, ಕಂಜೂಸು ಮಾಡಬ್ಯಾಡ್ರೀ" ಅನ್ನುತ್ತಿದ್ದರು. ನಮ್ಮವರಿಗೂ ಹೊಗಳಿಕೆ ಅಂದರೆ ಇಷ್ಟ, ಇನ್ನೊಂದಿಷ್ಟು ಹಾಕುತ್ತಿದ್ದರು. "ಇನ್ಮುಂದೆ ನಿನ್ನ ಕಾಗದ ಬೇಕಾಗಂಗಿಲ್ಲಮ್ಮಿ, ಬರೀ ಇದೇ ಸಾಕಾಗತೈತಿ" ಅಂತ ಒಂದು ದಿನ ಅತ್ತೆಗೆ ತಮಾಷೆಗೆ ಅಂದರು. ಅತ್ತೆ ನಕ್ಕರು. ಆಮೇಲೆ ಕತ್ತರಿಯನ್ನು ಒರೆಸಿ ಒರೆಸಿ ಡಬ್ಬಿಗೆ ಹಾಕಿದರು.

ಆ ವಾರವೇ ಹೊಸಬಾಳೆಯ ಗಿರಣಿಯ ಕೆಲಸ ಬಂತು. ಆ ಗಿರಣಿ ನಡೆಸುತ್ತಿದ್ದವರು ಒಬ್ಬ ಹೆಂಗಸು. ಗಂಡ ಹಳೇ ಇಂಜಿನ್ನು ಕೊಂಡು ಗಿರಣಿ ಹಾಕಿ ಎರಡೇ ವರ್ಷಕ್ಕೆ ತೀರಿಕೊಂಡಿದ್ದ. ಗದ್ದೆ ಅಂತ ಹೇಳಿಕೊಳ್ಳುವಷ್ಟು ಇರಲಿಲ್ಲ. ಎರಡು ಮಕ್ಕಳು, ಹಾಸಿಗೆ ಹಿಡಿದ ಆಕೆಯ ಅತ್ತೆ, ಎಲ್ಲರೂ ಆ ಇಂಜಿನ್ನಿನ ಮೇಲೇ ಬದುಕುತ್ತಿದ್ದರು. ಅದು ಹೋದರೆ ಇನ್ನೊಂದನ್ನು ತರುವ ಮಾತೇ ಇರಲಿಲ್ಲ. ನಮ್ಮವರು ಅದರ ಪಕ್ಕದ ಮುಚ್ಚಳವನ್ನು ಮನೆಗೆ ತಂದರು, ನಮ್ಮತ್ತೆ ಎಂದಿನಂತೆ ಎಣ್ಣೆ ಸವರಿ ಅಚ್ಚು ತೆಗೆದು ಪ್ಯಾಕಿಂಗ್ ಕತ್ತರಿಸಿಕೊಟ್ಟರು. ಗುರುವಾರ ನಮ್ಮವರು ಹೋಗಿ, ಧಾರಾಳವಾಗಿ ಗಮ್ಮು ಹಚ್ಚಿ ಕೂಡಿಸಿ ಬಂದರು. ಒಂದು ಟ್ಯೂಬು ಬಹುಪಾಲು ಅಲ್ಲೇ ಖಾಲಿಯಾಗಿತ್ತು.

ಆ ಖಾಲಿ ಟ್ಯೂಬು ನನ್ನ ಕೈಗೆ ಸಿಕ್ಕಿತು. ಅದರ ಬಾಲ ಸುತ್ತಿ ಸುತ್ತಿ ಹಿಂಡಿದೆ. ಒಡೆದ ಫೋಟೋ ಫ್ರೇಮಿನ ಗಾಜಿನ ನಾಲ್ಕು ಚೂರು ಇದ್ದವು. ಎರಡು ಚೂರುಗಳ ನಡುವೆ ಗಮ್ಮಿನ ಗೆರೆ ಎಳೆದು ಒತ್ತಿದೆ. ಇನ್ನೆರಡಕ್ಕೆ ಮೊದಲು ಎಣ್ಣೆ ಸವರಿ ಹಾಗೇ ಮಾಡಿದೆ. ಎಣ್ಣೆ ಯಾಕೆ ಸವರಿದೆ? ಅತ್ತೆ ಸವರುತ್ತಿದ್ದರು, ಅದಕ್ಕೇ. ದೊಡ್ಡ ಬುದ್ಧಿವಂತಿಕೆ ಏನಲ್ಲ. ಗಾಜಾದ್ದರಿಂದ ಒಳಗೆ ಆಗುವುದು ಕಾಣುತ್ತಿತ್ತು. ಒತ್ತಿದಾಗ ಗಮ್ಮು ಗೆರೆಯ ಹೊರಗೆ ಎಷ್ಟು ಉಕ್ಕಿತೋ ಒಳಗೂ ಅಷ್ಟೇ ಉಕ್ಕಿತು. ಅದನ್ನು ನೋಡಿದರೂ ಆಗ ನನಗೇನೂ ಹೊಳೆಯಲಿಲ್ಲ. ಚೂರುಗಳನ್ನು ಕಿಟಕಿಯಲ್ಲಿಟ್ಟು ಮರೆತೆ.

ಶನಿವಾರ ನಮ್ಮವರು ಕುಪ್ಪಗಡ್ಡೆಗೆ ಪಂಪು ರಿಪೇರಿಗೆ ಹೊರಟರು. ಬರುವುದು ಎರಡು ದಿನ ಆಗುತ್ತದೆ ಅಂದಿದ್ದರು. ಅವರು ಹೋದಮೇಲೆ ಗಾಜನ್ನು ಬಿಡಿಸಿದೆ. ಒಣ ಗಾಜಿಗೆ ಹಿಡಿದ ಗಮ್ಮು ಉಗುರು ಹಾಕಿ ಕೆರೆದರೂ ಬಿಡಲಿಲ್ಲ. ಎಣ್ಣೆ ಸವರಿದ್ದು ಮುಟ್ಟಿದ್ದೇ ತಡ ದಾರದ ಹಾಗೆ ಉದ್ದಕ್ಕೆ ಕಳಚಿ ಬಂತು. ಆಗ ಹೊಳೆಯಿತು.

ಗಾಜನ್ನು ಅತ್ತೆಯ ಮುಂದಿಟ್ಟು ಕೇಳಿದೆ: "ಅಮ್ಮಿ, ಹೊಸಬಾಳೆ ಇಂಜಿನ್ನಿನ ಮುಚ್ಚಳಕ್ಕೂ ನೀವು ಎಣ್ಣೆ ಸವರಿದ್ರಲ್ಲ. ಒಳಗೆ ಉಕ್ಕಿದ ಗಮ್ಮು ಹಿಂಗೇ ಕಳಚಿದ್ರೆ ಎಲ್ಲಿಗೆ ಹೋಗತೈತಿ?"

ಅತ್ತೆ ಕೆಂಪು ದಾರವನ್ನು ಬೆರಳಿಗೆ ಸುತ್ತಿ ಎಳೆದು ನೋಡಿದರು. "ಕೆಳಗೆ ಬೀಳತೈತಿ. ಆ ಮುಚ್ಚಳದ ಕೆಳಗೇ ಎಣ್ಣೆ ನಿಂತಿರತೈತಿ. ಅಲ್ಲೊಂದು ಜಾಳಿ ಐತಿ, ಎಣ್ಣೆ ಸೋಸಿ ಮೇಲಕ್ಕೆ ಎಳೆಯಾಕೆ. ಜಾಳಿಗೆ ಇದು ಅಡ್ಡ ಕೂತ್ರೆ ಎಣ್ಣೆ ಹತ್ತಂಗಿಲ್ಲ."

"ಎಣ್ಣೆ ಹತ್ತದಿದ್ರೆ?"

"ಕಾದು ಕಚ್ಚಿಕೊಳ್ಳತೈತಿ. ಆಮೇಲೆ ಆ ಇಂಜಿನ್ ಗುಜರಿಗೇ."

ನಮ್ಮವರಿಗೆ ತಿಳಿಸೋಣವೆಂದರೆ ಕುಪ್ಪಗಡ್ಡೆಯಲ್ಲಿ ಯಾರ ಗದ್ದೆಯಲ್ಲಿದ್ದಾರೋ ಗೊತ್ತಿರಲಿಲ್ಲ. ಗಿರಣಿ ಎಲ್ಲಿದೆ ಅಂತ ಮಾತ್ರ ಗೊತ್ತಿತ್ತು. ನಾನು ಹೋಗಿ ಹೇಳಿ ಬರುತ್ತೇನೆ ಅಂದೆ. ಅತ್ತೆ ಎದ್ದು ಬುರ್ಖಾ ಹಾಕಿಕೊಂಡರು. "ನೀವ್ಯಾಕಮ್ಮಿ?" ಅಂದರೆ, "ಎಣ್ಣೆ ಸವರಿದವಳು ನಾನು" ಅಂದರು.

ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಸ್ಸು, ಅಲ್ಲಿಂದ ಅಕ್ಕಿಮೂಟೆ ಹೇರಿಕೊಂಡು ಹೊರಟಿದ್ದ ಒಂದು ಎತ್ತಿನಗಾಡಿ. ಗಾಡಿಯವನ ನಿಧಾನಕ್ಕೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೊಸಬಾಳೆಯ ಹತ್ತಿರ ಬಂದಾಗ ಗದ್ದೆಯಾಚೆಯಿಂದ ಇಂಜಿನ್ನಿನ ಕುಕ್ ಕುಕ್ ಸದ್ದು ಕೇಳಿಸಿತು. ಜೀವ ಬಂದಂತಾಯಿತು. ಇನ್ನೂ ಓಡುತ್ತಿತ್ತು.

ಗಿರಣಿಯಲ್ಲಿ ಬುಟ್ಟಿ ಹಿಡಿದ ಹೆಂಗಸರ ಸಾಲು ಬಾಗಿಲವರೆಗೂ ಇತ್ತು. ನಾನು ನುಗ್ಗಿ "ನಿಲ್ಸಿ, ನಿಲ್ಸಿ!" ಅಂತ ಕೂಗಿದೆ. ಗಿರಣಿಯಾಕೆ ಮುಖದ ಹಿಟ್ಟು ಒರೆಸಿಕೊಳ್ಳುತ್ತಾ ಬಂದರು.

"ಎಂತ ಆತು ಮಾರಾಯ್ತಿ? ಯಾರಿಗೆ ಎಂತ ಆತು?"

ವಿಷಯ ಹೇಳಿದೆ. ಅವರು ಇಂಜಿನ್ನನ್ನು ನೋಡಿದರು, ಸಾಲನ್ನು ನೋಡಿದರು. "ಲಾಯ್ಕ್ ಓಡ್ತಾ ಇದ್ಯಲೆ. ನಿನ್ನ ಗಂಡ ಬಂದು ನಿಲ್ಸು ಅಂದ್ರೆ ನಿಲ್ಸ್ತಿದ್ದೆ. ಇಂಜಿನ್ ವಿಷ್ಯ ನಿಂಗೆಂತ ಗೊತ್ತು?"

ನ್ಯಾಯದ ಮಾತೇ. ನನಗೇನು ಗೊತ್ತಿತ್ತು? ಚೀಲದಿಂದ ಗಾಜಿನ ಚೂರು ತೆಗೆದು, ಉಳಿದಿದ್ದ ಗಮ್ಮನ್ನು ಅವರ ಕಣ್ಣೆದುರೇ ಬೆರಳ ತುದಿಯಿಂದ ಎಳೆದೆ. ಅದು ಉದ್ದಕ್ಕೆ ಬಿಟ್ಟು ಬಂತು. ಗಿರಣಿಯಾಕೆ ಅದನ್ನೂ ಮುಚ್ಚಳದ ಸುತ್ತ ಉಕ್ಕಿದ್ದ ಕೆಂಪು ಅಂಚನ್ನೂ ಒಂದಾದಮೇಲೊಂದು ನೋಡಿದರು. ಹೋಗಿ ಇಂಜಿನ್ ನಿಲ್ಲಿಸಿದರು.

ಕಬ್ಬಿಣ ಆರುವವರೆಗೆ ಕಾಯಬೇಕಾಯಿತು. ಸಾಲಿನವರು ಗೊಣಗಿದರು, ಇಬ್ಬರು ಬುಟ್ಟಿ ಎತ್ತಿಕೊಂಡು ಹೋದರು. ಒಳಗೆ ಏನೂ ಸಿಗದಿದ್ದರೆ? ಗಂಡ ಮಾಡಿದ ಕೆಲಸವನ್ನು ನಾಲ್ಕು ಜನರೆದುರು ಬಿಚ್ಚಿಸಿದ ಹೆಂಡತಿ ನಾನಾಗುತ್ತಿದ್ದೆ. ಗಿರಣಿಯಾಕೆಯ ಹತ್ತಿರ ಪಾನಾ ಇತ್ತು, ಅವರೇ ಬೋಲ್ಟು ಬಿಚ್ಚಿದರು. ಮುಚ್ಚಳ ಕೈಗೆ ಬಂತು. ಒಳಬದಿಯ ಅಂಚಿನಲ್ಲಿ ಕೆಂಪು ಗಮ್ಮು ಅರ್ಧ ಜೋತಾಡುತ್ತಿತ್ತು, ಇನ್ನರ್ಧ ಇರಲೇ ಇಲ್ಲ.

ಅತ್ತೆ ಬುರ್ಖಾದ ತೋಳು ಮೇಲೆ ಸರಿಸಿ ಇಂಜಿನ್ನಿನೊಳಗೆ ಕೈ ಹಾಕಿದರು. ಎಂದೂ ಕಾಣದ ಜಾಗದಲ್ಲಿ ಅವರ ಕೈ ಎಲ್ಲೂ ತಡಕಾಡಲಿಲ್ಲ. ಸೀದಾ ಜಾಳಿಗೆ ಹೋಯಿತು. ಹೊರಗೆ ಬಂದಾಗ ಬೆರಳುಗಳಲ್ಲಿ ಕೆಂಪು ದಾರಗಳಿದ್ದವು. ಎರಡು ಸಲ, ಮೂರು ಸಲ ತೆಗೆದರು. "ಮುಕ್ಕಾಲು ಮುಚ್ಚಿತ್ತು" ಅಂದರು. ಗಿರಣಿಯಾಕೆ ಹಿಟ್ಟಿನ ಮೂಟೆಯ ಮೇಲೆ ಕುಸಿದು ಕೂತರು. "ನಾನೇ ಇನ್ನೂ ಹಾಕಿ ಅಂತ ಹೇಳಿದ್ದೆ ಬೂಬಮ್ಮ, ನಾನೇ ಹೇಳಿದ್ದೆ" ಅಂತ ಅತ್ತರು. ಅವರ ಜೊತೆ ನನಗೂ ಅಳು ಬಂತು, ತಡೆದುಕೊಳ್ಳಲಿಲ್ಲ.

ಅತ್ತೆ ಅಳಲಿಲ್ಲ. ಬುರ್ಖಾದೊಳಗಿಂದ ಕತ್ತರಿ ಮತ್ತು ಸುತ್ತಿದ ಕಾಗದ ತೆಗೆದರು. ತಂದಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ! ಸೀಮೆಎಣ್ಣೆಯಲ್ಲಿ ಮುಚ್ಚಳ ತೊಳೆಸಿ ಒಣಬಟ್ಟೆಯಲ್ಲಿ ಒರೆಸಿದರು. ಈ ಸಲ ಕರಿ ಎಣ್ಣೆ ಮುಟ್ಟದೆ, ಕಾಗದದ ಮೇಲೆ ಮುಚ್ಚಳವನ್ನಿಟ್ಟು ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಕತ್ತರಿಸಿದರು. ಗಮ್ಮಿಲ್ಲದೆ ಬರೀ ಕಾಗದದ ಮೇಲೆ ಕೂಡಿಸಿದೆವು. ಗಿರಣಿಯಾಕೆ ಹ್ಯಾಂಡಲ್ ಹಾಕಿ ತಿರುವಿದರು. ಮೂರನೇ ಸುತ್ತಿಗೆ ಇಂಜಿನ್ ಹತ್ತಿಕೊಂಡಿತು. ಅತ್ತೆ ಹಿಂದೆ ಸರಿಯದೆ, ಅದರ ಮುಂದೆಯೇ ನಿಂತು ನೋಡಿದರು. ಒಂದು ಮೂಲೆಯಲ್ಲಿ ಎಣ್ಣೆ ತುಸು ಜಿನುಗುತ್ತಿತ್ತು. "ಅಷ್ಟು ಸೋರಿದ್ರೆ ಸೋರ್ಲಿ, ನಾ ಒರೆಸ್ಕೊಳ್ತೀನಿ" ಅಂದರು ಗಿರಣಿಯಾಕೆ.

ಸೋಮವಾರ ನಮ್ಮವರು ಬಂದರು. ಸುದ್ದಿ ಬಸ್ಸಿನಲ್ಲೇ ಅವರಿಗೆ ಮುಟ್ಟಿತ್ತು. ಚಪ್ಪಲಿ ಕೂಡ ಬಿಡದೆ ಕೂಗಾಡಿದರು. "ಸಾಬರ ಹೆಂಗಸ್ರು ಬಂದು ಇಂಜಿನ್ ಬಿಚ್ಚಿದ್ರಂತೆ ಅಂತ ಬಸ್ನಾಗೆಲ್ಲಾ ನಗ್ತಾರೆ. ನನಗೆ ಮುಖ ಎಲ್ಲೈತಿ?" ನನಗೂ ಸಿಟ್ಟು ಬಂತು. ಗಿರಣಿಯಿಂದ ಕಟ್ಟಿ ತಂದಿದ್ದ ಕೆಂಪು ದಾರಗಳ ಪೊಟ್ಟಣವನ್ನು ಅವರ ಮುಂದೆ ಎಸೆದೆ. "ಜಾಳಿಯೊಳಗಿದ್ದದ್ದು. ಇದನ್ನೂ ತಗೊಂಡು ನಗಾಕೆ ಹೇಳ್ರೀ" ಅಂದೆ.

ಅವರು ಬಿಚ್ಚಿ ನೋಡಿದರು. ಒಂದನ್ನು ಬೆರಳಲ್ಲಿ ಹೊಸಕಿದರು. ಮುಖ ಇಳಿಯಿತು. ಅತ್ತೆ ಮೆಲ್ಲಗೆ, "ತಪ್ಪು ನಿನ್ನೊಬ್ಬಂದೇ ಅಲ್ಲ ಬೇಟಾ, ಕಾಗದಕ್ಕೆ ಒಳ್ಳೇದು ಅಂತ ನಾನು ಎಣ್ಣೆ ಸವರಿದೆ. ಗಮ್ಮಿಗೆ ಎಣ್ಣೆ ಆಗಂಗಿಲ್ಲ ಅಂತ ನಮಗ್ಯಾರು ಹೇಳಿದ್ರು?" ಅಂದರು. ನಮ್ಮವರು ಚಹಾ ಕೂಡ ಕುಡಿಯಲಿಲ್ಲ. "ಕೆರೆ ಏರಿ ಆಚೆ ಪಂಪಿಗೂ ಹಂಗೇ ಹಚ್ಚೀನಿ" ಅಂದವರು, ಉಳಿದ ಇನ್ನೊಂದು ಟ್ಯೂಬು ಜೇಬಿಗೆ ಹಾಕಿ, ಅತ್ತೆಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೊರಟರು.

ನನ್ನನ್ನು ಕರೆಯಲಿಲ್ಲ.

ಕಂಡುಹಿಡಿದವಳು ನಾನು, ಹೋಗಿ ಕೂಗಿ ನಿಲ್ಲಿಸಿದವಳು ನಾನು. ಬಾಗಿಲಿಗೆ ಬೀಗ ಹಾಕಿ ಕೆರೆ ಏರಿಯ ಮೇಲೆ ನಡೆದೇ ಹೋದೆ. ಹೋಗುವಷ್ಟರಲ್ಲಿ ಅವರು ಪಂಪಿನ ಇಂಜಿನ್ನಿನ ಮುಚ್ಚಳ ಬಿಚ್ಚಿ, ಜಾಳಿ ತೆಗೆದು, ಅಂಚನ್ನು ಪೆಟ್ರೋಲಿನಲ್ಲಿ ಒರೆಸಿ ಇಟ್ಟಿದ್ದರು. ಅತ್ತೆ ಪಕ್ಕದಲ್ಲಿ ಪ್ಯಾಕಿಂಗ್ ಹಿಡಿದು ಕೂತಿದ್ದರು. ನಮ್ಮವರು ಟ್ಯೂಬಿನ ಮುಚ್ಚಳ ತೆಗೆದು, ಹಚ್ಚದೆ, ಸುಮ್ಮನೆ ನೋಡುತ್ತಿದ್ದರು. ನಾನು ಬಂದದ್ದು ಗೊತ್ತಾಯಿತು, ತಲೆ ಎತ್ತಲಿಲ್ಲ.

"ಎಷ್ಟು ಹಚ್ಚಬೇಕಂತೀ?" ಅಂದರು.

ಇಷ್ಟು ವರ್ಷದಲ್ಲಿ ಅವರು ನನ್ನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಬೈಗಳೆಲ್ಲ ಮರೆತುಹೋದವು. ಬಾಯಿಗೆ ಬಂದದ್ದು ನಿಜ ಮಾತ್ರ.

"ನನಗೂ ಗೊತ್ತಿಲ್ರೀ."

ಅವರು ಜರುಗಿ ಪಕ್ಕದಲ್ಲಿ ಜಾಗ ಬಿಟ್ಟರು. ಟ್ಯೂಬನ್ನು ನನ್ನ ಕೈಗೆ ಕೊಟ್ಟು, "ಹಚ್ಚು, ನೋಡೋಣ" ಅಂದರು.