ನನ್ನ ಮೂಗು, ತಮ್ಮನ ಬೀರು

ಮೊನ್ನೆ ಒಲೆಯ ಮೇಲೆ ಹಾಲಿಟ್ಟು, ವರ್ಷದ ಮಸಾಲೆ ಖಾರವನ್ನು ಭರಣಿಗೆ ತುಂಬಿ, ಹುಳ ಬೀಳದಿರಲೆಂದು ನಡುನಡುವೆ ಹಿಂಗಿನ ಹರಳು ಹುಗಿಯುತ್ತಿದ್ದೆ. ಅಷ್ಟರಲ್ಲಿ ಮಾಳಿಗೆಯ ಮೇಲಿನಿಂದ ತಮ್ಮ ಕೂಗಿದ: “ಅಕ್ಕಾ! ಬೀರಿಗೆ ಒಗ್ಗರಣಿ ಕೊಟ್ಟೀಯೇನ?”

ನಗಬೇಡಿ. ಕೊರಳಲ್ಲಿ ಲಿಂಗವಿರುವ ನನ್ನ ಮನೆಗೆ, ಅದೂ ಮುನವಳ್ಳಿಯಲ್ಲಿ, ಕುಡಿಯುವ ಬೀರು ಹೇಗೆ ಬಂತೆಂದು ಹೇಳಲೇಬೇಕು. ತಮ್ಮ ಬಹಳ ವರ್ಷ ಪುಣೆಯ ಕಡೆ ಬೀರಿನ ಕಾರ್ಖಾನೆಯಲ್ಲಿದ್ದ. ಮೂಸಿ ನೋಡಿ ತಪ್ಪು ಹೇಳುವುದೇ ಅವನ ಕೆಲಸ. ಒಂದು ಜ್ವರ ಬಂದು ಹೋಗುವಾಗ ಅವನ ಮೂಗಿನ ಶಕ್ತಿಯನ್ನೂ ಕೊಂಡೊಯ್ದಿತು. ವಾಸನೆ ತಿಳಿಯತೊಡಗಿದ ಮೇಲೆ ಬಾ ಎಂದು ಕಾರ್ಖಾನೆಯವರು ಮನೆಗೆ ಕಳಿಸಿದರು. ಜೀವ ಉಳಿಯಿತಲ್ಲ ಎಂದು ನಾನು ದೇವರಿಗೆ ಕೈ ಮುಗಿದೆ. ಒಂದು ದಿನ ಪಕ್ಕದಲ್ಲೇ ಹಾಲು ಹೊತ್ತಿ ಕಪ್ಪಾಗುತ್ತಿದ್ದರೂ ಅವನು ಪೇಪರು ಓದುತ್ತ ಕೂತಿದ್ದ. ಬೈದೆ. ಆಮೇಲೆ ಅವನ ಮುಖ ನೋಡಿ ನಾಲಿಗೆ ಕಚ್ಚಿಕೊಂಡೆ.

ಬರುವಾಗ ಹಾಪ್ಸ್ ಎಂಬ ಬಳ್ಳಿಯ ಬೇರು ತಂದಿದ್ದ. ಬೀರಿಗೆ ಕಹಿಯೂ ಪರಿಮಳವೂ ಅದರ ಹೂವಿನಿಂದಲೇ ಅಂತೆ. ಬಚ್ಚಲ ಹಿಂದಿನ ನನ್ನ ಹೀರೇಕಾಯಿ ಚಪ್ಪರಕ್ಕೇ ಹಬ್ಬಿಸಿದ. ನಮ್ಮ ಬಿಸಿಲಿಗೆ ಅದು ಬಾಡಿದಾಗಲೆಲ್ಲ ಅಕ್ಕಿ ತೊಳೆದ ನೀರು ಹಾಕಿ ಬದುಕಿಸಿದವಳು ನಾನು. “ಶರಣರ ಮನ್ಯಾಗ ಬಾರ್ ತೆಗದಂಗಾತು,” ಎಂದು ನಮ್ಮ ಮನೆಯವರು ನಕ್ಕರು.

ಪ್ರತಿ ಸಲ ಕುದಿಸಿ, ಹುದುಗಿಸಿ, ಒಂದು ಲೋಟ ನನ್ನ ಮುಂದೆ ಹಿಡಿಯುತ್ತಿದ್ದ. “ಕುಡೀಬ್ಯಾಡ, ಬರೇ ಮೂಸು. ನಿನ್ನ ಮೂಗರ ನನಗ ಕೊಡು.” ದೇವರಿಗೆ ಗೊತ್ತಾಗದಿರಲಿ ಎಂಬಂತೆ ಲಿಂಗವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೂಸುತ್ತಿದ್ದೆ. ಮೊದಲ ಸಲ “ದನಕ್ಕ ಹಾಕೋ ಹಸಿ ಕಣಿಕಿ ನಾತ” ಅಂದೆ. ಹೂ ಸರಿಯಾಗಿ ಒಣಗಿಲ್ಲ ಅಂದ. ಎರಡನೆಯ ಸಲ “ಕುದಿಸಿದ ಗೋವಿನಜೋಳ” ಅಂದೆ. ಮುಚ್ಚಳ ಹಾಕಿ ಕುದಿಸಬಾರದಿತ್ತು ಅಂದ. ಎರಡನ್ನೂ ಬಚ್ಚಲಿಗೆ ಸುರಿದ. ಮೂರನೆಯ ಸಲದ ಹೂವನ್ನು ನಾನೇ ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬಿಟ್ಟೆ. ಬೀರು ಆದ ದಿನ ಮೂಸಿ, ಯಾವ ತಪ್ಪೂ ಇಲ್ಲವೆಂದು ಸರ್ಟಿಫಿಕೇಟೂ ಕೊಟ್ಟೆ.

ಮೊನ್ನೆ ಅವನ ಕೂಗು ಕೇಳಿ ಕೈಯಲ್ಲಿದ್ದ ಹಿಂಗಿನ ಹರಳನ್ನು ನೋಡಿಕೊಂಡೆ. ಹೂವಿಗೆ ಹುಳ ಬೀಳಬಾರದೆಂದು ಆ ಡಬ್ಬಿಗೂ ಇಂಥದೇ ಒಂದು ಹರಳು ಹಾಕಿದ್ದೆ! ದಿನಕ್ಕೆರಡು ಸಲ ಒಗ್ಗರಣೆ ಹಾಕುವ ನನ್ನ ಮೂಗಿಗೆ ಹಿಂಗು ಒಂದು ವಾಸನೆಯೇ ಅಲ್ಲ.

“ತಪ್ಪಾತೋ ತಮ್ಮಾ, ಹುಳ ಬಿದ್ದೀತಂತ…” ಎನ್ನುತ್ತ ಮೆಟ್ಟಿಲ ತನಕ ಹೋದವಳು ಅಲ್ಲೇ ನಿಂತೆ. “ಅಲ್ಲಾ, ನಿನಗ ಹೆಂಗ ಗೊತ್ತಾತು?”

ಅವನು ಲೋಟ ಹಿಡಿದು ಇಳಿದು ಬಂದ. ಮತ್ತೊಮ್ಮೆ ಮೂಸಿದ.

“ನಾತ ಹೊಡ್ಯಾಕ ಹತ್ತೇತಿ ಅಕ್ಕಾ. ಇಂಥಾ ಕೆಟ್ಟ ಬೀರು ನಾ ಜನ್ಮದಾಗ ನೋಡಿಲ್ಲ,” ಎನ್ನುತ್ತಲೇ ಅತ್ತುಬಿಟ್ಟ. ನಾನೂ ಅತ್ತೆ. ಅವನಿಗೆ ಮೊದಲು ಮಲ್ಲಿಗೆಯ ವಾಸನೆ ಬರಲೆಂದು ಬೇಡಿಕೊಂಡಿದ್ದೆ. ದೇವರು ಹಿಂಗು ಕೊಟ್ಟ. ಅದೂ ನನ್ನ ಕೈಯಿಂದಲೇ.

ತಟ್ಟನೆ ಅವನು ಮುಖ ಎತ್ತಿದ. “ಅಕ್ಕಾ, ಹಾಲು ಹೊತ್ತಾಕ ಹತ್ತೇತಿ!”

ಓಡಿದೆ. ಖಾರದ ಭರಣಿ ಬಾಯಿ ತೆರೆದೇ ಇತ್ತು. ಅದಿರಲಿ ಎಂದು, ತಳ ಹಿಡಿದ ಪಾತ್ರೆಯನ್ನು ಇಳಿಸಿ, ಸೆರಗು ಸಿಕ್ಕಿಸಿಕೊಂಡು ತಿಕ್ಕಲು ಕೂತೆ.